ಕುಣಿಗಲ್ ಕುದುರೆಯೂ ಒಂದು ಇಂಗ್ಲಿಷ್ ಗುಣವಾಚಕವೂ

‘ಥರೋಬ್ರೆಡ್’ ಎಂದರೆ ಶುದ್ಧ ತಳಿ ಎಂದು ನಾವು ಓದಿಕೊಂಡಿದ್ದೇವೆ. ಆ ಪದ ಮೊದಲು ಅಂಟಿಕೊಂಡಿದ್ದು ಕುದುರೆಗಲ್ಲ, ಚೆನ್ನಾಗಿ ಕಲಿತ ಮನುಷ್ಯನಿಗೆ. ಕುಣಿಗಲ್‌ನಿಂದ ಗುಬ್ಬಿಗೆ, ಗುಬ್ಬಿಯಿಂದ ತುಮಕೂರಿಗೆ ಈ ಒಂದು ಪದದ ಬೆನ್ನು ಹತ್ತಿದರೆ ಸಿಗುವ ಕಥೆ ಇದು.

ಬೆಂಗಳೂರಿನಿಂದ ಹಾಸನ, ಮಂಗಳೂರಿನ ಕಡೆ ಹೋಗುವ ಹೆದ್ದಾರಿಯಲ್ಲಿ ಸುಮಾರು 70 ಕಿಲೋಮೀಟರ್ ಬಂದರೆ ಕುಣಿಗಲ್ ಸಿಗುತ್ತದೆ. ಇಲ್ಲಿನ ಕೆರೆಯ ಮೇಲಿನ ಜನಪದ ಹಾಡು ಕನ್ನಡ ನಾಡಿಗೆಲ್ಲ ಗೊತ್ತು. ಊರಿಗೆ ಇನ್ನೊಂದು ಹೆಸರು ತಂದದ್ದು ಕುದುರೆ. ನಾನೂರಕ್ಕೂ ಹೆಚ್ಚು ಎಕರೆಯಲ್ಲಿ ಹರಡಿರುವ ಸ್ಟಡ್ ಫಾರ್ಮ್ ಅನ್ನು ಊರಿನವರು ‘ಕುದುರೆ ಫಾರಂ’ ಎಂದೇ ಕರೆಯುತ್ತಾರೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಅಶ್ವದಳಕ್ಕೆ ಬೇಕಾದ ಕುದುರೆಗಳನ್ನು ಇಲ್ಲಿ ಸಾಕುತ್ತಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಜಾಗ ಕೈ ಬದಲಾಯಿಸುತ್ತ ಬಂತು. ಬ್ರಿಟಿಷರು, ಮೈಸೂರು ಅರಸರು, ಆಮೇಲೆ ರಾಜ್ಯ ಸರ್ಕಾರ. 1992ರಲ್ಲಿ ಸರ್ಕಾರ ಇದನ್ನು ಯುನೈಟೆಡ್ ರೇಸಿಂಗ್ ಅಂಡ್ ಬ್ಲಡ್‌ಸ್ಟಾಕ್ ಬ್ರೀಡರ್ಸ್ ಸಂಸ್ಥೆಗೆ ಗುತ್ತಿಗೆಗೆ ಕೊಟ್ಟಿತು. 1993ರಲ್ಲಿ ಇಂಗ್ಲೆಂಡಿನ ಆಸ್ಕಟ್ ಮೈದಾನದಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಸ್ಟೇಕ್ಸ್ ಗೆದ್ದ ಪ್ಲೇಸರ್‌ವಿಲ್ ಎಂಬ ಗಂಡು ಕುದುರೆ ಮುಂದೆ ಬಂದು ನೆಲೆಸಿದ್ದು ಇದೇ ಕುಣಿಗಲ್ಲಿನಲ್ಲಿ. ಅದರ ಮರಿಗಳು ನಮ್ಮ ದೇಶದ ದೊಡ್ಡ ದೊಡ್ಡ ರೇಸುಗಳಲ್ಲಿ ಓಡಿದವು. ಈಚಿನ ವರ್ಷಗಳಲ್ಲಿ ಈ ಜಾಗದಲ್ಲಿ ಉಪನಗರ ಕಟ್ಟುವ ಪ್ರಸ್ತಾಪ ಬಂದಾಗ ‘ಫಾರಂ ಉಳಿಸಿ’ ಎಂದು ಊರಿನ ಜನ ದನಿಯೆತ್ತಿದ್ದೂ ಉಂಟು.

ಈ ಫಾರಮ್ಮಿನ ಕುದುರೆಗಳ ಬಗ್ಗೆ ಪತ್ರಿಕೆಯಲ್ಲಿ ಏನೇ ಬಂದರೂ ಒಂದು ಇಂಗ್ಲಿಷ್ ಪದ ತಪ್ಪದೆ ಇರುತ್ತದೆ: ‘ಥರೋಬ್ರೆಡ್’. ಕನ್ನಡದಲ್ಲಿ ಅದಕ್ಕೆ ‘ಶುದ್ಧ ತಳಿಯ’ ಎಂದು ಬರೆಯುತ್ತೇವೆ. ಮಾತಿನಲ್ಲಿ ‘ಜಾತಿ ಕುದುರೆ’ ಎನ್ನುತ್ತೇವೆ. ಅರ್ಥ ಗೊತ್ತಾಯಿತು ಎಂದು ಅಲ್ಲಿಗೇ ಬಿಟ್ಟುಬಿಡುತ್ತೇವೆ. ಆ ಪದ ನಿಜಕ್ಕೂ ಹೇಳುವ ಮಾತು ಶುರುವಾಗುವುದು ಅಲ್ಲಿಂದ ಮುಂದೆ.

ಎರಡು ತುಂಡುಗಳ ಒಳಗೆ

ಪದದಲ್ಲಿ ಎರಡು ಭಾಗಗಳಿವೆ. ಮೊದಲನೆಯದು ‘ಥರೋ’. ಇಂಗ್ಲಿಷಿನಲ್ಲಿ ‘ಮೂಲಕ, ಹಾದು’ ಎಂಬ ಅರ್ಥ ಕೊಡುವ ‘ಥ್ರೂ’ ಎಂಬ ಪುಟ್ಟ ಪದವನ್ನು ಮೂರನೇ ತರಗತಿಯ ಮಗುವೂ ಬಲ್ಲದು. ಹಳೆಯ ಇಂಗ್ಲಿಷಿನಲ್ಲಿ ಇವೆರಡೂ ಒಂದೇ ಪದ. ಒತ್ತಿ ಹೇಳಿದಾಗ ಅದು ಎರಡು ಉಚ್ಚಾರಾಂಶಗಳಾಗಿ ಹಿಗ್ಗಿ ‘ಥರೋ’ ಆಯಿತು, ಸಲೀಸಾಗಿ ಹೇಳಿದಾಗ ‘ಥ್ರೂ’ ಆಗಿ ಉಳಿಯಿತು. ‘ಥರೋಫೇರ್’ ಎಂದರೆ ಹಾದುಹೋಗುವ ದಾರಿ, ಹಾಯ್ದಾರಿ. ಆ ಹಳೆಯ ಅರ್ಥ ಅಲ್ಲಿ ಈಗಲೂ ಜೀವಂತ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹಾದುಹೋದ ಕೆಲಸ ‘ಥರೋ’. ಕನ್ನಡದಲ್ಲಿ ನಾವು ‘ಆಮೂಲಾಗ್ರ’ ಎನ್ನುತ್ತೇವಲ್ಲ, ಬೇರಿನಿಂದ ತುದಿಯ ತನಕ, ಅದೇ.

ಎರಡನೆಯ ಭಾಗ ‘ಬ್ರೆಡ್’. ನಾವು ತಿನ್ನುವ ಬ್ರೆಡ್ಡಿನ ಸ್ಪೆಲಿಂಗ್ ಬೇರೆ. ಇದು ‘ಬ್ರೀಡ್’ ಎಂಬ ಕ್ರಿಯಾಪದದ ಭೂತರೂಪ. ‘ಬ್ರೀಡ್’ ಎಂದ ಕೂಡಲೇ ನಮಗೆ ತಳಿ, ಸಂಕರ, ಪಶುವೈದ್ಯ ಆಸ್ಪತ್ರೆ ನೆನಪಾಗುತ್ತವೆ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಮರಿಗೆ ಜನ್ಮ ಕೊಡುವುದು, ಬೆಚ್ಚಗಿಟ್ಟು ಪೋಷಿಸುವುದು. ಕೋಳಿ ಮೊಟ್ಟೆಯ ಮೇಲೆ ಕೂರುವುದಕ್ಕೆ ಇಂಗ್ಲಿಷಿನಲ್ಲಿ ‘ಬ್ರೂಡ್’ ಎನ್ನುತ್ತಾರೆ. ‘ಬ್ರೀಡ್’ ಅದರದೇ ಮಗಳು. ಕನ್ನಡದ ‘ಕಾವು ಕೊಡು’ ಎಂಬ ಮಾತಿನಲ್ಲಿ ಬಿಸಿಯೂ ಇದೆ, ಸಾಕಣೆಯೂ ಇದೆ. ‘ಬ್ರೀಡ್’ ಹುಟ್ಟಿದ್ದು ಅದೇ ಗೂಡಿನಲ್ಲಿ.

ಮರಿಯನ್ನು ಬೆಚ್ಚಗಿಟ್ಟು ಸಾಕುವ ಅರ್ಥ ಮುಂದೆ ಮಗುವನ್ನು ಬೆಳೆಸುವ ಅರ್ಥಕ್ಕೂ ಹರಿಯಿತು. ಒಳ್ಳೆಯ ನಡತೆ ಕಲಿತವರಿಗೆ ಇಂಗ್ಲಿಷಿನಲ್ಲಿ ‘ವೆಲ್ ಬ್ರೆಡ್’ ಎನ್ನುತ್ತಾರೆ, ಒರಟರಿಗೆ ‘ಇಲ್ ಬ್ರೆಡ್’. ಇದಕ್ಕಿಂತ ಸ್ಪಷ್ಟ ಸಾಕ್ಷಿ ‘ಬಾರ್ನ್ ಅಂಡ್ ಬ್ರೆಡ್’ ಎಂಬ ಜೋಡಿಮಾತು. ‘ತುಮಕೂರಿನಲ್ಲೇ ಹುಟ್ಟಿ ಬೆಳೆದವನು’ ಎಂದು ನಾವು ಹೇಳುವುದನ್ನು ಇಂಗ್ಲಿಷಿನವರು ಆ ಜೋಡಿಯಲ್ಲಿ ಹೇಳುತ್ತಾರೆ. ‘ಬಾರ್ನ್’ ಎಂದರೆ ಹುಟ್ಟಿದ, ‘ಬ್ರೆಡ್’ ಎಂದರೆ ಬೆಳೆದ. ಎರಡೂ ಒಂದೇ ಆಗಿದ್ದರೆ ಜೋಡಿಯ ಅಗತ್ಯವೇ ಇರುತ್ತಿರಲಿಲ್ಲ. ‘ಬ್ರೆಡ್’ ಎಂಬ ಮಾತು ಹುಟ್ಟಿನ ಪಕ್ಕದಲ್ಲಿ ನಿಂತು ಬೆಳೆದ ಬಗೆಯನ್ನು ಹೇಳುತ್ತದೆ.

ಈಗ ಎರಡು ತುಂಡುಗಳನ್ನು ಜೋಡಿಸಿ ನೋಡಿ. ಆಮೂಲಾಗ್ರವಾಗಿ ಬೆಳೆಸಿದ, ಪೂರ್ತಿಯಾಗಿ ಕಲಿಸಿದ, ಎಲ್ಲ ಬಗೆಯಲ್ಲೂ ತಯಾರಾದ. 1701ರ ಹೊತ್ತಿಗೆ ಇಂಗ್ಲಿಷ್ ಬರಹದಲ್ಲಿ ಈ ಗುಣವಾಚಕ ಕಾಣಿಸಿಕೊಂಡಾಗ ಅದು ವಿವರಿಸಿದ್ದು ಇಂಥ ಮನುಷ್ಯನನ್ನು, ಕಲಿಕೆಯಲ್ಲಿ ಕೊರತೆ ಇಲ್ಲದವನನ್ನು. ಕುದುರೆಗೆ ಅದು ಬಂದದ್ದು 1796ರ ಹೊತ್ತಿಗೆ. ನಡುವೆ ಸುಮಾರು ನೂರು ವರ್ಷಗಳ ಅಂತರ. ಗುಣವಾಚಕವಾಗಿದ್ದದ್ದು ನಾಮಪದವಾಗಿ, ಕುದುರೆಯ ತಳಿಗೇ ಹೆಸರಾದದ್ದು ಇನ್ನೂ ತಡವಾಗಿ, ಹತ್ತೊಂಬತ್ತನೇ ಶತಮಾನದಲ್ಲಿ.

ಶುದ್ಧ ಎಂಬುದರ ಬೇರು

ಹದಿನೆಂಟನೇ ಶತಮಾನದ ಕೊನೆಯಲ್ಲಿ ಕುದುರೆಗೆ ಈ ಪದ ಏಕೆ ಬೇಕಾಯಿತು? ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ ರೇಸು ದೊಡ್ಡ ವ್ಯವಹಾರವಾಗಿತ್ತು. ಯಾವ ಕುದುರೆಗೆ ಯಾವ ತಂದೆ, ಯಾವ ತಾಯಿ ಎಂಬ ಲೆಕ್ಕದ ಮೇಲೆ ಹಣ ನಿಂತಿತ್ತು. 1791ರಲ್ಲಿ ಜೇಮ್ಸ್ ವೆದರ್‌ಬಿ ಅವರು ‘ಜನರಲ್ ಸ್ಟಡ್ ಬುಕ್’ ಎಂಬ ವಂಶಾವಳಿ ಪುಸ್ತಕವನ್ನು ಹೊರತರಲು ಆರಂಭಿಸಿದರು. ಆ ಪುಸ್ತಕದಲ್ಲಿ ತಂದೆ ತಾಯಿಯ ಹೆಸರು ಇದ್ದ ಕುದುರೆ ಥರೋಬ್ರೆಡ್, ಇಲ್ಲದ್ದು ಅಲ್ಲ. ಇಂದಿಗೂ ನಿಯಮ ಅದೇ. ಭಾರತದಲ್ಲಿ ಹುಟ್ಟಿದ ಮರಿ ಇಂಡಿಯನ್ ಸ್ಟಡ್ ಬುಕ್‌ನಲ್ಲಿ ದಾಖಲಾಗಬೇಕು, ಡಿಎನ್ಎ ಪರೀಕ್ಷೆಯಿಂದ ತಂದೆ ತಾಯಿ ಖಚಿತವಾಗಬೇಕು. ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಮರಿಗೆ ಥರೋಬ್ರೆಡ್ ಎಂಬ ಮಾನ್ಯತೆ ಪ್ರಪಂಚದಲ್ಲಿ ಎಲ್ಲೂ ಸಿಗುವುದಿಲ್ಲ.

ಇಷ್ಟು ಕಟ್ಟುನಿಟ್ಟಾಗಿ ಕಾಯುವ ಈ ‘ಶುದ್ಧ’ ತಳಿಯ ಬೇರನ್ನು ಹುಡುಕಿದರೆ ಕಾಣುವುದು ಮಿಶ್ರಣ. ಇಂದಿನ ಎಲ್ಲ ಥರೋಬ್ರೆಡ್ ಕುದುರೆಗಳ ಗಂಡು ಸಂತತಿ ಮೂರೇ ಮೂರು ಕುದುರೆಗಳಿಗೆ ಹೋಗಿ ಮುಟ್ಟುತ್ತದೆ. ಮೂರೂ ಪೂರ್ವದಿಂದ ಇಂಗ್ಲೆಂಡಿಗೆ ಬಂದವು. ಕ್ಯಾಪ್ಟನ್ ಬೈಯರ್ಲಿ 1690ರ ಬೋಯಿನ್ ಯುದ್ಧದಲ್ಲಿ ಏರಿದ್ದ ‘ಬೈಯರ್ಲಿ ಟರ್ಕ್’ ಒಂದು. ಥಾಮಸ್ ಡಾರ್ಲಿ ಸಿರಿಯಾದ ಅಲೆಪ್ಪೊ ನಗರದಲ್ಲಿ ಕೊಂಡು 1704ರಲ್ಲಿ ಇಂಗ್ಲೆಂಡಿಗೆ ಕಳಿಸಿದ ‘ಡಾರ್ಲಿ ಅರೇಬಿಯನ್’ ಇನ್ನೊಂದು. ಲಾರ್ಡ್ ಗೊಡಾಲ್ಫಿನ್ ಹೆಸರು ಹೊತ್ತ ‘ಗೊಡಾಲ್ಫಿನ್ ಅರೇಬಿಯನ್’ ಮೂರನೆಯದು. ಸೂರ್ಯಗ್ರಹಣದ ದಿನ, 1764ರ ಏಪ್ರಿಲ್ 1ರಂದು, ಹುಟ್ಟಿ ಅದಕ್ಕಾಗಿಯೇ ‘ಎಕ್ಲಿಪ್ಸ್’ ಎಂದು ಹೆಸರಾದ ಕುದುರೆ ಡಾರ್ಲಿಯ ಸಂತತಿ. ಓಡಿದ ಒಂದು ರೇಸನ್ನೂ ಅದು ಸೋಲಲಿಲ್ಲ. ಇಂದಿನ ರೇಸು ಕುದುರೆಗಳಲ್ಲಿ ಹೆಚ್ಚುಪಾಲು ಅದರ ಗಂಡು ಸಂತತಿಯವು.

ಇನ್ನು ತಾಯಂದಿರು? ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯಾ ಡಿಎನ್ಎಯನ್ನು ವಿಜ್ಞಾನಿಗಳು ಪರೀಕ್ಷಿಸಿದಾಗ, ಬ್ರಿಟನ್ ಮತ್ತು ಐರ್ಲೆಂಡಿನ ಸ್ಥಳೀಯ ಹೆಣ್ಣು ಕುದುರೆಗಳ ಪಾಲು ದೊಡ್ಡದು ಎಂದು ತಿಳಿಯಿತು. ಅರಬ್, ತುರ್ಕಿ ರಕ್ತಕ್ಕೆ ಊರಿನ ಸಾಮಾನ್ಯ ಕುದುರೆಗಳ ರಕ್ತ ಕೂಡಿದ್ದರಿಂದಲೇ ಈ ವೇಗ ಹುಟ್ಟಿತು. ಪುಸ್ತಕ ಮುಚ್ಚಿದ ಮೇಲೆ ಹೊರಗಿನ ರಕ್ತಕ್ಕೆ ಬಾಗಿಲು ಮುಚ್ಚಿತು. ಈಗ ಹತ್ತಿರದ ಸಂಬಂಧದೊಳಗೇ ಸಂತಾನ ಬೆಳೆಯುತ್ತಿದೆ, ವೈವಿಧ್ಯ ಕುಗ್ಗುತ್ತಿದೆ ಎಂದು ತಳಿವಿಜ್ಞಾನಿಗಳು ಎಚ್ಚರಿಸುತ್ತಿದ್ದಾರೆ. ಬೆರೆತಾಗ ಬಂದ ಬಲ ಬೆರೆಯದೆ ಉಳಿದಾಗ ಸವೆಯುತ್ತದೆ ಎಂಬುದಕ್ಕೆ ಈ ತಳಿಯೇ ಉದಾಹರಣೆ.

ಕುದುರೆಯ ಸುತ್ತ ಇರುವ ನಮ್ಮ ಕನ್ನಡವನ್ನೇ ನೋಡಿ. ‘ಕುದುರೆ’ ದ್ರಾವಿಡ ಪದ, ತಮಿಳಿನ ‘ಕುದಿರೈ’ ಅದರ ಸೋದರಿ. ಅದರ ಬಾಯಿಗೆ ಹಾಕುವ ‘ಲಗಾಮು’, ಬೆನ್ನಿಗೆ ಕಟ್ಟುವ ‘ಜೀನು’, ಮೇಲೆ ಕೂರುವ ‘ಸವಾರ’ ಪಾರಸಿಯಿಂದ ಬಂದವು. ‘ಅಶ್ವದಳ’ ಸಂಸ್ಕೃತ, ‘ರೇಸು’ ಇಂಗ್ಲಿಷ್. ಕುಣಿಗಲ್ಲಿನ ಲಾಯದಲ್ಲಿ ಒಂದು ಕುದುರೆಗೆ ಜೀನು ಬಿಗಿಯುವಷ್ಟರಲ್ಲಿ ನಾಲ್ಕು ಭಾಷೆಗಳು ಕೆಲಸ ಮಾಡುತ್ತವೆ. ಇದರಿಂದ ಕನ್ನಡಕ್ಕೆ ಕುಂದೇನೂ ಬಂದಿಲ್ಲ.

ಹುಟ್ಟಿದ ಮೇಲಿನ ಕೆಲಸ

ಸುಮಾರು ಹನ್ನೊಂದು ತಿಂಗಳು ಹೊಟ್ಟೆಯಲ್ಲಿದ್ದು ಹುಟ್ಟುವ ಮರಿ ಗಂಟೆ ಎರಡು ಗಂಟೆಯೊಳಗೆ ಎದ್ದು ನಿಲ್ಲುತ್ತದೆ. ವರ್ಷದ ಯಾವ ತಿಂಗಳಲ್ಲಿ ಹುಟ್ಟಿದರೂ ಜನವರಿ 1 ಬಂದಾಗ ರೇಸಿನ ಲೆಕ್ಕದಲ್ಲಿ ಅದಕ್ಕೆ ಒಂದು ವರ್ಷ ತುಂಬುತ್ತದೆ. ಐದಾರು ತಿಂಗಳಿಗೆ ತಾಯಿಯಿಂದ ಬಿಡಿಸುತ್ತಾರೆ. ಕಾಲಿಗೆ ಕೈ ತಾಗಿಸಿದರೆ ಒದೆಯದಿರಲು, ಕಿವಿ ಮುಟ್ಟಿದರೆ ಬೆದರದಿರಲು, ಗೊರಸು ಎತ್ತಿ ಕೊಡಲು ಕಲಿಸುತ್ತಾರೆ. ಒಂದೂವರೆ ವರ್ಷದ ಹೊತ್ತಿಗೆ ಬಾಯಿಗೆ ಕಡಿವಾಣ, ಬೆನ್ನಿಗೆ ಹಗುರವಾದ ಜೀನು. ಉದ್ದ ಹಗ್ಗ ಹಿಡಿದು ದುಂಡಗೆ ನಡೆಸುವುದು, ಆಮೇಲೆ ಬೆನ್ನ ಮೇಲೆ ಒಂದು ಭಾರ, ಆಮೇಲೆ ಸವಾರ. ಗೇಟಿನೊಳಗೆ ನಿಲ್ಲುವುದನ್ನೂ ಕಲಿಸಬೇಕು, ಉಳಿದ ಕುದುರೆಗಳ ನಡುವೆ ಓಡುವುದನ್ನೂ ಕಲಿಸಬೇಕು. ಎರಡು ವರ್ಷ ತುಂಬಿದ ಮೇಲೆಯೇ ಮೈದಾನ.

ತಂದೆ ಇಂಗ್ಲೆಂಡಿನಲ್ಲಿ ಗೆದ್ದಿರಬಹುದು, ತಾಯಿಯ ಬೆಲೆ ಕೋಟಿಯಲ್ಲಿರಬಹುದು. ಮುಂಜಾವದ ಚಳಿಯಲ್ಲಿ ಮರಿಯ ಜೊತೆ ನಡೆಯುವ ಕೆಲಸದವನ ತಾಳ್ಮೆ ಇಲ್ಲದೆ ಅದು ಒಂದು ಫರ್ಲಾಂಗೂ ನೆಟ್ಟಗೆ ಓಡಲಾರದು. ಕುಣಿಗಲ್ ಸುತ್ತಮುತ್ತಲಿನ ಊರುಗಳ ಎಷ್ಟೋ ಕುಟುಂಬಗಳು ಈ ಕೆಲಸದಲ್ಲಿ ಜೀವ ಸವೆಸಿವೆ. ಸ್ಟಡ್ ಬುಕ್‌ನಲ್ಲಿ ತಂದೆ ಕುದುರೆಯ ಹೆಸರಿದೆ, ತಾಯಿ ಕುದುರೆಯ ಹೆಸರಿದೆ, ಮಾಲೀಕರ ಹೆಸರಿದೆ. ಸಾಕಿದವರ ಹೆಸರು ಬರೆಯಲು ಅಂಕಣವೇ ಇಲ್ಲ. ‘ಥರೋಬ್ರೆಡ್’ ಪದದ ಮೂಲ ಅರ್ಥಕ್ಕೆ ಅತ್ಯಂತ ಹತ್ತಿರ ಇರುವವರು ಈ ಹೆಸರಿಲ್ಲದವರು.

ಗುಬ್ಬಿಯಲ್ಲಿ ಪಳಗಿದವರು

‘ಆಮೂಲಾಗ್ರ ಬೆಳೆಸಿದ’ ಎಂಬ ಹಳೆಯ ಅರ್ಥಕ್ಕೆ ಕನ್ನಡದಲ್ಲಿ ಆಗಲೇ ಒಂದು ಪದ ಇದೆ: ‘ಪಳಗಿದ’. ಪಳಗಿದ ಎತ್ತು, ಪಳಗಿದ ಆನೆ, ಪಳಗಿದ ಕೈ, ಪಳಗಿದ ನಟ. ಪ್ರಾಣಿಗೂ ಮನುಷ್ಯನಿಗೂ ಒಂದೇ ಮಾತು. ಎರಡು ಕಡೆಯೂ ಅದು ಅಭ್ಯಾಸವನ್ನು ಹೇಳುತ್ತದೆ, ವಂಶದ ಗೊಡವೆಗೆ ಹೋಗುವುದಿಲ್ಲ.

ಆ ಪದಕ್ಕೆ ಮೈ ಬಂದಂತೆ ಇದ್ದದ್ದು ಗುಬ್ಬಿಯ ನಾಟಕ ಕಂಪನಿ. ತುಮಕೂರಿನಿಂದ ಸುಮಾರು 20 ಕಿಲೋಮೀಟರ್ ದೂರದ ಗುಬ್ಬಿಯಲ್ಲಿ 1884ರಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿತು. ಗುಬ್ಬಿ ವೀರಣ್ಣ ಚಿಕ್ಕ ಹುಡುಗನಾಗಿ ಅದರೊಳಗೆ ಬಂದರು. ಚಿಲ್ಲರೆ ಪಾತ್ರ ಮಾಡಿದರು, ಹಾಡು ಕಲಿತರು, ಹಾಸ್ಯ ಕಲಿತರು, ಕಂಪನಿಯ ಲೆಕ್ಕಪತ್ರ ಕಲಿತರು, ಮುಂದೆ ಯಜಮಾನರಾದರು. ಮೈಸೂರು ಅರಸರಿಂದ ‘ನಾಟಕ ರತ್ನ’ ಎನಿಸಿಕೊಂಡರು. 1972ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. ಅವರ ‘ಕುರುಕ್ಷೇತ್ರ’ ನಾಟಕದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆಗಳು ಬರುತ್ತಿದ್ದವು. ದೀಪಗಳ ಬೆಳಕು, ಹಾರ್ಮೋನಿಯಂ ಸದ್ದು, ಸಾವಿರಾರು ಜನರ ಕೂಗು. ಇವುಗಳ ನಡುವೆ ಬೆದರದೆ ನಿಲ್ಲುವ ಕುದುರೆ ಎಂದರೆ ಅದನ್ನು ಎಷ್ಟು ಪಳಗಿಸಿರಬೇಕು ಎಂಬುದನ್ನು ಕುಣಿಗಲ್ಲಿನವರು ಬಲ್ಲರು.

ಕುದುರೆಯ ಜೊತೆ ಅಲ್ಲಿ ಪಳಗಿದ ಮನುಷ್ಯರನ್ನೂ ನೆನೆಯಬೇಕು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯ ನಟರು. ಅವರ ಮಗ ಮುತ್ತುರಾಜ ಅದೇ ರಂಗದ ಮೇಲೆ ಬೆಳೆದು, 1954ರಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರದಿಂದ ರಾಜ್‌ಕುಮಾರ್ ಆದರು. ‘ರಾಜ್‌ಕುಮಾರ್ ಹುಟ್ಟು ಕಲಾವಿದ’ ಎಂದು ನಾವು ಅಭಿಮಾನದಿಂದ ಹೇಳುತ್ತೇವೆ. ಶಾಲೆಯಲ್ಲಿ ಕಡಿಮೆ ಕಲಿತ ಅವರ ಉಚ್ಚಾರಣೆಯಲ್ಲಿ ಒಂದು ಮಹಾಪ್ರಾಣವೂ ಜಾರದಿದ್ದದ್ದು ಹುಟ್ಟಿನಿಂದ ಬಂದ ಸಂಗತಿಯಲ್ಲ. ಕಂಪನಿ ನಾಟಕಗಳಲ್ಲಿ ಮಾತು ಒಪ್ಪಿಸಿ ಒಪ್ಪಿಸಿ ಬಂದದ್ದು. ಮನೆ ಬಿಟ್ಟು ಓಡಿಬಂದ ಬಿ.ವಿ. ಕಾರಂತರು ಅದೇ ಕಂಪನಿಯಲ್ಲಿ ನೆಲೆ ಕಂಡರು, ವೀರಣ್ಣನವರ ನೆರವಿನಿಂದ ಕಾಶಿಗೆ ಹೋಗಿ ಓದಿದರು. ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಇವರೆಲ್ಲ ಆ ಕಂಪನಿಯ ನೀರು ಕುಡಿದವರು. ಯಾವ ಜಾತಿ, ಯಾವ ಮನೆತನ ಎಂದು ಕೇಳದೆ ಕಂಪನಿ ಅವರಿಗೆ ಊಟ ಹಾಕಿತು, ಪಾತ್ರ ಕೊಟ್ಟಿತು, ತಿದ್ದಿತು. 1701ರ ಇಂಗ್ಲಿಷಿನವನೊಬ್ಬ ಈ ಕಲಾವಿದರನ್ನು ಕಂಡಿದ್ದರೆ ‘ಥರೋಬ್ರೆಡ್’ ಎಂಬ ಪದವನ್ನು ಹಿಂಜರಿಯದೆ ಬಳಸುತ್ತಿದ್ದ.

ಲಾಯದಿಂದ ಮನೆಗೆ ಬಂದ ಅಪಾಯ

ಪದಗಳು ಹೋದ ದಾರಿಯಲ್ಲೇ ಹಿಂದಿರುಗುವುದಿಲ್ಲ. ಮನುಷ್ಯನಿಂದ ಕುದುರೆಗೆ ಹೋದ ‘ಥರೋಬ್ರೆಡ್’, ಹತ್ತೊಂಬತ್ತನೇ ಶತಮಾನದಲ್ಲಿ ಕುದುರೆಯಿಂದ ಮನುಷ್ಯನಿಗೆ ಮರಳಿತು. ಬರುವಾಗ ವಂಶಾವಳಿಯ ಪುಸ್ತಕವನ್ನೂ ಹೊತ್ತು ತಂದಿತು. ‘ಪೂರ್ತಿ ಕಲಿತವನು’ ಎಂಬ ಅರ್ಥ ಹಿಂದೆ ಸರಿದು ‘ದೊಡ್ಡ ಮನೆತನದಲ್ಲಿ ಹುಟ್ಟಿದವನು’ ಎಂಬ ಅರ್ಥ ಮುಂದೆ ಬಂತು.

ಅದೇ ಕಾಲದ ಯೋಚನೆಯೂ ಆ ದಿಕ್ಕಿಗೇ ಹರಿಯುತ್ತಿತ್ತು. ಚಾರ್ಲ್ಸ್ ಡಾರ್ವಿನ್ನರ ಸಂಬಂಧಿ ಫ್ರಾನ್ಸಿಸ್ ಗಾಲ್ಟನ್ 1869ರಲ್ಲಿ ಪ್ರತಿಭೆ ಮತ್ತು ವಂಶವನ್ನು ಕುರಿತು ಪುಸ್ತಕ ಬರೆದರು. ನಾಯಿ, ಕುದುರೆಗಳನ್ನು ಆಯ್ದು ವೇಗದ ತಳಿ ಬೆಳೆಸುವಂತೆ ಮನುಷ್ಯರಲ್ಲೂ ಪ್ರತಿಭೆಯ ತಳಿ ಬೆಳೆಸಬಹುದು ಎಂಬ ವಾದವನ್ನು ಪುಸ್ತಕದ ಮೊದಲಲ್ಲೇ ಇಟ್ಟರು. 1883ರಲ್ಲಿ ಆ ಯೋಚನೆಗೆ ‘ಯೂಜೆನಿಕ್ಸ್’ ಎಂದು ಹೆಸರಿಟ್ಟರು. ಗ್ರೀಕ್ ಮೂಲದಲ್ಲಿ ಅದರ ಅರ್ಥ ‘ಒಳ್ಳೆಯ ಹುಟ್ಟು’. 1907ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯ ‘ಅಯೋಗ್ಯ’ರೆಂದು ತೀರ್ಮಾನಿಸಿದವರಿಗೆ ಬಲವಂತವಾಗಿ ಸಂತಾನಹರಣ ಮಾಡುವ ಕಾನೂನು ತಂದಿತು. 1933ರಲ್ಲಿ ಹಿಟ್ಲರನ ಜರ್ಮನಿ ಅಂಥದ್ದೇ ಕಾನೂನು ಮಾಡಿತು. ಅದು ಎಲ್ಲಿಗೆ ಹೋಗಿ ಮುಟ್ಟಿತು ಎಂಬುದು ಜಗತ್ತಿಗೇ ಗೊತ್ತು. ಕುದುರೆ ಲಾಯದ ಲೆಕ್ಕವನ್ನು ಮನುಷ್ಯರ ಮನೆಗೆ ತಂದದ್ದರ ಫಲ ಅದು.

ಇದನ್ನು ಓದಿ ಪಶ್ಚಿಮದವರನ್ನು ಬೈದು ಸುಮ್ಮನಾಗುವ ಹಾಗಿಲ್ಲ. ನಮ್ಮಲ್ಲಿ ‘ಜಾತಿ ಕುದುರೆ’, ‘ಜಾತಿ ನಾಯಿ’ ಎನ್ನುವಾಗ ಬಳಸುವ ‘ಜಾತಿ’ಯನ್ನೇ ಮನುಷ್ಯನಿಗೂ ಬಳಸುತ್ತೇವೆ. ಸಂಸ್ಕೃತದಲ್ಲಿ ಅದರ ಮೂಲಾರ್ಥವೇ ಹುಟ್ಟು. ಸ್ಟಡ್ ಬುಕ್ ಬರುವುದಕ್ಕಿಂತ ಎಷ್ಟೋ ಮೊದಲೇ ನಾವು ಮನುಷ್ಯರಿಗೆ ಬರೆಯದ ಸ್ಟಡ್ ಬುಕ್ ಇಟ್ಟುಕೊಂಡವರು. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆ ಆ ಪುಸ್ತಕದ ಪರವಾಗಿ ವಾದಿಸುತ್ತದೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ’ ಎಂಬ ಇನ್ನೊಂದು ಗಾದೆ ಬೆಳೆಸುವವರ ಪರವಾಗಿ ನಿಲ್ಲುತ್ತದೆ. ನಮ್ಮ ಜನ ಎರಡನ್ನೂ ಆಡುತ್ತ ಬಂದಿದ್ದಾರೆ. ಯಾವುದನ್ನು ನಂಬಿ ಮಕ್ಕಳನ್ನು ನೋಡುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ.

ವಚನಕಾರರು ಈ ಪ್ರಶ್ನೆಯನ್ನು ಹನ್ನೆರಡನೇ ಶತಮಾನದಲ್ಲೇ ಎತ್ತಿದರು. ಅವರ ವಚನಗಳನ್ನು ಕಾಪಾಡಿ, ಕೂಡಿಸಿ, ‘ಶೂನ್ಯಸಂಪಾದನೆ’ಯ ಪರಂಪರೆಗೆ ಆಸರೆಯಾದ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆ ಇರುವುದು ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ. ಕುದುರೆಯ ವಂಶಾವಳಿ ಕಾಯುವ ಫಾರಮ್ಮೂ ಮನುಷ್ಯನ ಹುಟ್ಟನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವಚನಗಳನ್ನು ಕಾಯ್ದ ಗದ್ದುಗೆಯೂ ಒಂದೇ ತಾಲ್ಲೂಕಿನಲ್ಲಿವೆ.

ತುಮಕೂರಿನ ಉತ್ತರ

ಶಿವರಾತ್ರಿಯ ಹೊತ್ತಿಗೆ ತುಮಕೂರಿನ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ಸೇರುತ್ತದೆ. ಹಳ್ಳಿಕಾರ್ ಹೋರಿಗಳ ಸಾಲು ನೋಡಲು ದೂರದ ಜಿಲ್ಲೆಗಳಿಂದ ರೈತರು ಬರುತ್ತಾರೆ. ಕೊಳ್ಳುವ ರೈತ ಮೊದಲು ತಳಿ ನೋಡುತ್ತಾನೆ, ಸುಳಿ ನೋಡುತ್ತಾನೆ, ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ. ಆಮೇಲೆ ಕೇಳುವ ಮಾತು: ‘ನೇಗಿಲಿಗೆ ಕಟ್ಟಿದ್ದೀರಾ? ಗಾಡಿಗೆ ಪಳಗಿದೆಯಾ?’ ಬೆಲೆ ಇತ್ಯರ್ಥವಾಗುವುದು ಈ ಎರಡನೆಯ ಪ್ರಶ್ನೆಗೆ ಸಿಕ್ಕ ಉತ್ತರದ ಮೇಲೆ. ದನದ ವಿಷಯದಲ್ಲಿ ರೈತನಿಗಿರುವ ಈ ವಿವೇಕ ಮಕ್ಕಳ ವಿಷಯದಲ್ಲಿ ಸಮಾಜಕ್ಕೆ ಬರಬೇಕು.

ಅದು ಬಂದ ಜಾಗವೂ ಆ ಜಾತ್ರೆಯ ಪಕ್ಕದಲ್ಲೇ ಇದೆ. ಸಿದ್ಧಗಂಗಾ ಮಠದ ವಿದ್ಯಾರ್ಥಿ ನಿಲಯದಲ್ಲಿ ಸಾವಿರಾರು ಮಕ್ಕಳು ಉಚಿತವಾಗಿ ಉಂಡು, ಉಳಿದು, ಓದುತ್ತಾರೆ. ಸೇರುವಾಗ ಜಾತಿ, ಮತ ಅಡ್ಡಬರುವುದಿಲ್ಲ. 2019ರ ಜನವರಿ 21ರಂದು 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಎಂಟು ದಶಕಗಳಿಗೂ ಹೆಚ್ಚು ಕಾಲ ಈ ಕೆಲಸವನ್ನು ನಡೆಸಿದರು. ಮಾಗಡಿ ತಾಲ್ಲೂಕಿನ ವೀರಾಪುರ ಎಂಬ ಹಳ್ಳಿಯಲ್ಲಿ ಹುಟ್ಟಿ, ತುಮಕೂರಿನಲ್ಲಿ ಹೈಸ್ಕೂಲು ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕಲಿತವರು ಅವರು. ಇಂಗ್ಲಿಷನ್ನೂ ಸಂಸ್ಕೃತವನ್ನೂ ಬಲ್ಲವರು. ಅವರ ಕೆಲಸವನ್ನು ಜನ ಮೂರು ಪದಗಳಲ್ಲಿ ಹೇಳುತ್ತಾರೆ: ಅನ್ನ, ಅಕ್ಷರ, ಆಶ್ರಯ. ಬೆಚ್ಚಗೆ ಇಡುವುದು, ಉಣಿಸುವುದು, ಕಲಿಸುವುದು. ‘ಬ್ರೀಡ್’ ಎಂಬ ಹಳೆಯ ಇಂಗ್ಲಿಷ್ ಪದದ ಹೊಟ್ಟೆಯಲ್ಲಿ ಇದ್ದದ್ದು ಇವೇ.

ಪದವನ್ನು ಕಲಿಯುವ ಬಗೆ

ತುಮಕೂರು ಜಿಲ್ಲೆಗೆ ಇಂಗ್ಲಿಷ್ ಪದವನ್ನು ಕನ್ನಡದ ಕಣ್ಣಿನಿಂದ ನೋಡಿದವರ ನಂಟು ಹಳೆಯದು. ಬಿ.ಎಂ. ಶ್ರೀಕಂಠಯ್ಯನವರು 1884ರಲ್ಲಿ ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಹೊಟ್ಟೆಪಾಡಿಗೆ ಇಂಗ್ಲಿಷ್ ಪಾಠ ಹೇಳಿ, ‘ಇಂಗ್ಲಿಷ್ ಗೀತಗಳು’ ಸಂಕಲನದಿಂದ ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದರು. ತೀ.ನಂ. ಶ್ರೀಕಂಠಯ್ಯನವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಕನ್ನಡದ ಬಹುದೊಡ್ಡ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರ ಬಾಲ್ಯದ ಶಾಲೆಗಳಲ್ಲಿ ಮಧುಗಿರಿಯದೂ ಒಂದು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ದುಡಿದ ಅವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಪದಪ್ರಶ್ನೆಗಳಿಗೆ ಉತ್ತರಿಸಿದರು. ಹಳ್ಳಿಯಿಂದ ಬಂದ ಅಂಚೆ ಕಾರ್ಡಿಗೂ ಪ್ರೊಫೆಸರರ ಪತ್ರಕ್ಕೂ ಒಂದೇ ಗೌರವ. ಪದದ ಅರ್ಥ ಹೇಳಿ ಬಿಡದೆ ಅದು ಎಲ್ಲಿಂದ ಬಂತು, ಹೇಗೆ ಬದಲಾಯಿತು ಎಂದು ವಿವರಿಸುವುದು ಅವರ ಕ್ರಮ. 2021ರಲ್ಲಿ, 107ನೇ ವಯಸ್ಸಿನಲ್ಲಿ, ಅವರು ನಮ್ಮನ್ನು ಅಗಲಿದರು.

ಇಂದು ನಮ್ಮ ಹೈಸ್ಕೂಲುಗಳಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿ ಕೊಠಡಿಗಳಲ್ಲಿ ಇಂಗ್ಲಿಷ್ ಪದಗಳು ಪಟ್ಟಿಯಾಗಿ ಬರುತ್ತವೆ. ಎಡಕ್ಕೆ ಪದ, ಬಲಕ್ಕೆ ಸಮಾನಪದ. ಹಳ್ಳಿಯ ಹುಡುಗ ಹುಡುಗಿಯರು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ, ಇಂಗ್ಲಿಷ್ ತಮ್ಮದಲ್ಲ ಎಂದು ಕುಗ್ಗುತ್ತಾರೆ. ಪದದ ಬಾಗಿಲು ಅವರಿಗೆ ತೆರೆದೇ ಇಲ್ಲ. ‘ಥರೋ’ ಮತ್ತು ‘ಥ್ರೂ’ ಒಂದೇ ಎಂದು ತಿಳಿದ ಹುಡುಗಿ ಮತ್ತೆ ಅವುಗಳ ಸ್ಪೆಲಿಂಗ್ ತಪ್ಪುವುದು ಕಷ್ಟ. ‘ಬ್ರೂಡ್’ ಎಂದರೆ ಕಾವು ಕೂರುವುದು ಎಂದು ತಿಳಿದ ಹುಡುಗನಿಗೆ ‘ಬ್ರೀಡ್’, ‘ಬ್ರೆಡ್’, ‘ಬ್ರೀಡರ್’ ಒಟ್ಟಿಗೆ ಬರುತ್ತವೆ. ಕೋಳಿ ಕಾವು ಕೂತದ್ದನ್ನು ಕಣ್ಣಾರೆ ಕಂಡ ಮಗುವಿಗೆ ಆ ಪದ ನಗರದ ಮಗುವಿಗಿಂತ ಬೇಗ ಒಲಿಯುತ್ತದೆ. ಹಳ್ಳಿಯ ಬದುಕಿನಲ್ಲಿ ಇಂಗ್ಲಿಷ್ ಕಲಿಯಲು ಬೇಕಾದ ಬಂಡವಾಳ ಇದೆ. ಅದನ್ನು ಬಳಸುವ ಮೇಷ್ಟರು ಬೇಕು.

ಯಾವ ಗುಣವಾಚಕಕ್ಕೂ ನಾಲ್ಕು ಪ್ರಶ್ನೆ ಕೇಳಿ ನೋಡಿ. ಇದರೊಳಗೆ ಎಷ್ಟು ತುಂಡುಗಳಿವೆ? ಪ್ರತಿ ತುಂಡಿನ ನೆಂಟರು ಯಾರು? ಮೊದಲು ಯಾರಿಗೆ, ಯಾವುದಕ್ಕೆ ಬಳಸಿದರು? ಅರ್ಥ ಬದಲಾಗಿದ್ದರೆ ಅದರಿಂದ ಯಾರಿಗೆ ಲಾಭ ಆಯಿತು? ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ‘ಥರೋಬ್ರೆಡ್’ನ ಅರ್ಥ ಕಲಿಕೆಯಿಂದ ಹುಟ್ಟಿಗೆ ಸರಿದಾಗ ಲಾಭವಾದದ್ದು ಆಗಲೇ ಮೇಲೆ ಇದ್ದವರಿಗೆ. ಈ ಸಂಗತಿ ಗೊತ್ತಾದ ವಿದ್ಯಾರ್ಥಿ ಇಂಗ್ಲಿಷಿನ ಜೊತೆ ಸಮಾಜವನ್ನೂ ಕಲಿತಂತೆ.

ತುಮಕೂರು, ಗುಬ್ಬಿ, ಕುಣಿಗಲ್ಲಿನ ಶಾಲೆಗಳ ಶಿಕ್ಷಕರಲ್ಲಿ ನನ್ನ ವಿನಂತಿ ಇಷ್ಟು. ವಾರಕ್ಕೆ ಇಪ್ಪತ್ತು ಪದಗಳ ಪಟ್ಟಿ ಕೊಡುವ ಬದಲು ಒಂದೇ ಪದ ಕೊಡಿ, ಅದನ್ನು ಮಕ್ಕಳೊಂದಿಗೆ ಬಿಡಿಸಿ, ಅದರ ವರ್ಷ ಹೇಳಿ, ಅದಕ್ಕೆ ಹೊಂದುವ ಕನ್ನಡ ಪದವನ್ನು ಅವರ ಬಾಯಿಂದಲೇ ಹೊರಡಿಸಿ. ಮೊದಲ ಪದವಾಗಿ ‘ಥರೋಬ್ರೆಡ್’ ಇರಲಿ, ಏಕೆಂದರೆ ಕುದುರೆ ನಿಮ್ಮ ಜಿಲ್ಲೆಯಲ್ಲೇ ಇದೆ. ಶುದ್ಧ ರಕ್ತ ಎಂಬುದು ಲಾಯದ ಪುಸ್ತಕಕ್ಕೆ ಸೇರಿದ ಮಾತು, ಅಲ್ಲಿಯೇ ಇರಲಿ. ನಿಮ್ಮ ತರಗತಿಯ ಕೊನೆಯ ಬೆಂಚಿನ ಮಗುವಿನ ಯೋಗ್ಯತೆ ಅದರ ಹುಟ್ಟಿನಲ್ಲಿ ಬರೆದಿಲ್ಲ, ನೀವು ಬೆಳೆಸುವ ಬಗೆಯಲ್ಲಿದೆ.